ಕಣ್ಣು ಓಡುತ್ತದೆ, ಕಾಲು ನಿಂತಿದೆ

ಮನೆಗೆ ವಿಆರ್ ಹೆಡ್‌ಸೆಟ್ ಬಂದ ದಿನ ನೆಂಟರಿಷ್ಟರಿಗೆಲ್ಲ ತೊಡಿಸಿ ಮೊದಲು ತೋರಿಸುವುದು ರೋಲರ್ ಕೋಸ್ಟರನ್ನೇ. ಎರಡು ನಿಮಿಷ ಕಿರುಚಾಟ, ನಗು. ಆಮೇಲೆ ಯಾರೋ ಒಬ್ಬರು ಬೆವರಿ, ಮುಖ ಬಿಳಿಚಿಕೊಂಡು ಸೋಫಾದ ಮೇಲೆ ಕೂರುತ್ತಾರೆ. ‘ನನಗೆ ಇದೆಲ್ಲ ಆಗಿಬರೋದಿಲ್ಲ’ ಎಂದವರು ಮತ್ತೆ ಅದನ್ನು ಮುಟ್ಟುವುದಿಲ್ಲ. ಅವರ ಮೈಯಲ್ಲಿ ಯಾವ ದೋಷವೂ ಇರುವುದಿಲ್ಲ. ಮೊದಲ ದಿನವೇ ಆ ಆಟವನ್ನು ತೋರಿಸಬಾರದಿತ್ತು, ಅಷ್ಟೆ.

ನಮ್ಮ ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಹಿಂದೆ ಉಳಿಯುತ್ತದೆ. ಆ ಎಳೆತವನ್ನು ಸೂಕ್ಷ್ಮ ರೋಮಕೋಶಗಳು ಮಿದುಳಿಗೆ ತಿಳಿಸುತ್ತವೆ. ಪಕ್ಕದಲ್ಲೇ ಇರುವ ಇನ್ನೆರಡು ಪುಟ್ಟ ಅಂಗಗಳು ವೇಗ ಹೆಚ್ಚುವುದನ್ನೂ ತಗ್ಗುವುದನ್ನೂ ಗ್ರಹಿಸುತ್ತವೆ. ಹೆಡ್‌ಸೆಟ್ ತೊಟ್ಟು ರೋಲರ್ ಕೋಸ್ಟರಿನಲ್ಲಿ ಕೂತವರ ಕಣ್ಣು ‘ಕೆಳಗೆ ಬೀಳುತ್ತಿದ್ದೇನೆ’ ಎನ್ನುತ್ತದೆ, ಒಳಕಿವಿ ‘ಅಲುಗಾಡಿಯೇ ಇಲ್ಲ’ ಎನ್ನುತ್ತದೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಕೂತರೆ ಹೊಟ್ಟೆ ತೊಳಸುವುದೂ ಇಂಥದೇ ತಕರಾರಿನಿಂದ. ಅಲ್ಲಿ ಕಿವಿಗೆ ತಿರುವು ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಅದು ತಿರುವುಮುರುವು.

ಈ ತಕರಾರನ್ನು ತಗ್ಗಿಸಲು ಯಂತ್ರ ಮಾಡಿಕೊಂಡಿರುವ ಏರ್ಪಾಡು ನಿಜಕ್ಕೂ ಬೆರಗಿನದು. ಎರಡು ಕಣ್ಣಿಗೆ ತುಸು ಬೇರೆಬೇರೆ ಚಿತ್ರ ತೋರಿಸಿದರೆ ಆಳ ಕಾಣುತ್ತದೆಂದು ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ತಲೆ ತಿರುಗಿದಂತೆ ಆ ಚಿತ್ರವೂ ಹೊರಳಬೇಕು. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವಾನ್ ಸದರ್ಲ್ಯಾಂಡ್ ತಲೆಗೆ ತೊಡುವ ಪರದೆ ಕಟ್ಟಿದಾಗ, ತಲೆ ಎತ್ತ ತಿರುಗಿತೆಂದು ತಿಳಿಯಲು ಚಾವಣಿಯಿಂದ ಇಳಿಬಿಟ್ಟ ಒಂದು ಸಲಕರಣೆಯೇ ಬೇಕಾಗಿತ್ತು. ಇಂದಿನ ಹೆಡ್‌ಸೆಟ್ಟಿನೊಳಗಿನ ಪುಟ್ಟ ಸಂವೇದಕಗಳು ತಲೆಯ ಚಲನೆಯನ್ನು ಸೆಕೆಂಡಿಗೆ ನೂರಾರು ಸಲ ಅಳೆಯುತ್ತವೆ, ಹೊರಗಿನ ಕ್ಯಾಮೆರಾಗಳು ಗೋಡೆ ಮೇಜುಗಳನ್ನು ನೋಡಿ ಆ ಲೆಕ್ಕವನ್ನು ಸರಿಪಡಿಸುತ್ತವೆ. ತಲೆ ಹೊರಳಿಸಿದ್ದಕ್ಕೂ ಚಿತ್ರ ಹೊರಳಿದ್ದಕ್ಕೂ ನಡುವೆ ಸುಮಾರು 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಿರಬಾರದು. ಇದ್ದರೆ ಲೋಕವೇ ತೇಲಿದಂತಾಗುತ್ತದೆ.

ಆದ್ದರಿಂದಲೇ ನಿಮ್ಮ ಸ್ವಂತ ತಲೆ, ಸ್ವಂತ ಕಾಲಿನಿಂದ ಆಗುವ ಚಲನೆ ಅಷ್ಟು ಕಾಡುವುದಿಲ್ಲ. ಕೈಯಲ್ಲಿ ಹಿಡಿದ ಕಂಟ್ರೋಲರಿನ ಪುಟ್ಟ ಕೋಲು ತಳ್ಳಿ ಮುಂದೆ ಓಡುವ ಆಟಗಳೇ ತಲೆ ಸುತ್ತಿಸುವುದು. ನಿಂತಲ್ಲೇ ಆಡುವ ಆಟಗಳಿಂದ ಶುರುಮಾಡಿ. ಸೆಟ್ಟಿಂಗ್ಸ್‌ನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ನೇರ ಜಿಗಿಯುವ ಆಯ್ಕೆ, ಓಡುವಾಗ ನೋಟದ ಅಂಚನ್ನು ಕಪ್ಪಾಗಿಸುವ ಆಯ್ಕೆ ಇದ್ದರೆ ಎರಡನ್ನೂ ಹಾಕಿಕೊಳ್ಳಿ. ಚಲನೆಯ ಭ್ರಮೆ ಹುಟ್ಟಿಸುವುದರಲ್ಲಿ ಅಂಚಿನ ನೋಟದ ಪಾಲು ದೊಡ್ಡದು. ಮೊದಲ ಬೆವರು, ಮೊದಲ ಆಕಳಿಕೆ, ಬಾಯಲ್ಲಿ ನೀರೂರಿದ್ದು ಗೊತ್ತಾದ ಕೂಡಲೇ ತೆಗೆದಿಡಿ. ‘ಇನ್ನೊಂದು ಹಂತ ಮುಗಿಸಿಬಿಡ್ತೀನಿ’ ಎಂದು ಹಟ ಹಿಡಿಯುವುದೊಂದು ಮಾತ್ರ ಬೇಡ. ದಿನಕ್ಕೆ ಸ್ವಲ್ಪ ಸ್ವಲ್ಪ ಆಡಿದವರಲ್ಲಿ ಹೆಚ್ಚಿನವರಿಗೆ ಮೈ ಒಗ್ಗಿಕೊಳ್ಳುತ್ತದೆ. ಹಟ ಹಿಡಿದವರಿಗೆ ಹೆಡ್‌ಸೆಟ್ ಕಂಡರೇ ವಾಕರಿಕೆ ಬರತೊಡಗುತ್ತದೆ.

ಇನ್ನು ಕಣ್ಣಿನ ಮಾತು. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲವೆಂಬುದು ನನ್ನ ಬೇಸರ. ಎರಡು ಕಣ್ಣುಪಾಪೆಗಳ ನಡುವಣ ಅಂತರ ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್. ಆದರೆ 50ರಿಂದ 75ರವರೆಗೂ ಜನರಿದ್ದಾರೆ. ಲೆನ್ಸಿನ ನಡುವು ಪಾಪೆಯ ನೇರಕ್ಕೆ ಬರದಿದ್ದರೆ ಕಣ್ಣಿನ ಸ್ನಾಯುಗಳು ಸದಾ ಎಳೆದಾಡಬೇಕು. ವಿಆರ್ ಹೆಂಗಸರಿಗೆ ಹೆಚ್ಚು ತಲೆಸುತ್ತು ತರುತ್ತದೆ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಸಂಶೋಧಕಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮುಖ್ಯ ಕಾರಣ ಲೆನ್ಸಿನ ಅಂತರವೇ ಎಂದು ಕಂಡುಕೊಂಡಿತು. ಅನೇಕ ಹೆಂಗಸರ ಕಣ್ಣಿನ ಅಂತರಕ್ಕೆ ಹೊಂದುವಷ್ಟು ಲೆನ್ಸುಗಳು ಹತ್ತಿರ ಬರುತ್ತಲೇ ಇರಲಿಲ್ಲ. ಲೆನ್ಸು ಸರಿಹೊಂದಿದವರಲ್ಲಿ ಗಂಡು ಹೆಣ್ಣೆಂಬ ವ್ಯತ್ಯಾಸ ಕಾಣಲಿಲ್ಲ. ಕನ್ನಡಕದ ಅಂಗಡಿಯಲ್ಲಿ ನಿಮ್ಮ ಅಂತರ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್ಟಿನ ಕೆಳ ಅಂಚಿನಲ್ಲಿ ಬೆರಳಿಗೆ ಸಿಗುವ ಒಂದು ಸಣ್ಣ ಗಾಲಿ ಇದೆ. ತಿರುಗಿಸಿದಂತೆ ಲೆನ್ಸುಗಳು ಸರಿದು, ಎಷ್ಟು ಮಿಲಿಮೀಟರ್ ಎಂಬ ಅಂಕಿ ಪರದೆಯಲ್ಲೇ ಮೂಡುತ್ತದೆ. ಮನೆಯಲ್ಲಿ ನಾಲ್ಕು ಜನ ತೊಡುವುದಾದರೆ ನಾಲ್ಕು ಸಲವೂ ತಿರುಗಿಸಲೇಬೇಕು.

ಲೆನ್ಸು ಸರಿಹೊಂದಿದರೂ ಒಂದು ಕಷ್ಟ ಉಳಿಯುತ್ತದೆ. ಹೊರಜಗತ್ತಿನಲ್ಲಿ ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣು ಒಳಕ್ಕೆ ವಾಲುತ್ತವೆ, ಜೊತೆಗೇ ಕಣ್ಣೊಳಗಿನ ಮಸೂರ ಉಬ್ಬುತ್ತದೆ. ಹೆಡ್‌ಸೆಟ್ಟಿನಲ್ಲಿ ಚಿಟ್ಟೆ ಮೂಗಿನ ಮುಂದೆಯೇ ಹಾರಿದರೂ ಅದರ ಬೆಳಕು ಒಂದೆರಡು ಮೀಟರ್ ದೂರದಿಂದ ಬಂದಂತೆಯೇ ಇರುತ್ತದೆ. ಕಣ್ಣು ವಾಲುವುದು ಒಂದು ದೂರಕ್ಕೆ, ಮಸೂರ ಹೊಂದುವುದು ಇನ್ನೊಂದಕ್ಕೆ. ಹತ್ತಿರದ ಅಕ್ಷರ ಓದುತ್ತ ಕೂತರೆ ಹಣೆ ನೋಯುವುದು ಇದರಿಂದಲೇ. ಸಿನಿಮಾ ಪರದೆಯನ್ನೋ ಬರಹವನ್ನೋ ತುಸು ದೂರಕ್ಕೆ ತಳ್ಳಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ಬಿಡುವು ಕೊಡಿ ಎಂದು ತಯಾರಕರೇ ಹೇಳುತ್ತಾರೆ.

ಕ್ವೆಸ್ಟ್ 3ರ ತೂಕ 515 ಗ್ರಾಂ, ಅದರ ಬಹುಪಾಲು ಮುಖದ ಮುಂದೆ. ಜಾರದಿರಲೆಂದು ಪಟ್ಟಿಯನ್ನು ಬಿಗಿದರೆ ಕೆನ್ನೆಯ ಮೇಲೆ ಗೆರೆ ಮೂಡುತ್ತದೆಯೇ ಹೊರತು ಕತ್ತಿನ ಭಾರ ಇಳಿಯುವುದಿಲ್ಲ. ತಲೆಯ ಹಿಂದೆ ಎಲುಬು ಉಬ್ಬಿದೆಯಲ್ಲ, ಪಟ್ಟಿ ಅದರ ಕೆಳಗೆ ಕೂರಲಿ. ನೆತ್ತಿಯ ಪಟ್ಟಿ ಭಾರ ಹೊರಲಿ.

ಜಾಗದ ವಿಷಯ. ಸುತ್ತ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಖಾಲಿ ಬೇಕು. ಯಂತ್ರ ನೆಲದ ಮೇಲೆ ಗಡಿ ಎಳೆಯುತ್ತದೆ, ಆದರೆ ಆ ಗಡಿಯ ಲೆಕ್ಕಕ್ಕೆ ಸೀಲಿಂಗ್ ಫ್ಯಾನ್ ಸೇರುವುದಿಲ್ಲ. ಎತ್ತರದ ಹುಡುಗ ಕೈ ಮೇಲೆತ್ತಿ ಬೀಸಿದರೆ ಕಂಟ್ರೋಲರ್ ರೆಕ್ಕೆಗೆ ತಗಲುತ್ತದೆ. ಫ್ಯಾನ್ ಆರಿಸಿ, ಟೇಬಲ್ ಫ್ಯಾನನ್ನು ಒಂದು ಕಡೆಯಿಂದ ಹಾಕಿಕೊಳ್ಳಿ. ಗಾಳಿ ಬರುವ ದಿಕ್ಕಿನಿಂದ ನೀವು ಎತ್ತ ಮುಖ ಮಾಡಿದ್ದೀರೆಂದೂ ತಿಳಿಯುತ್ತದೆ. ನಡುವೆ ಜಾರದ ಒಂದು ಸಣ್ಣ ಚಾಪೆ ಹಾಸಿ ಬರಿಗಾಲಲ್ಲಿ ನಿಂತರೆ ಅಂಚು ದಾಟಿದ್ದು ಪಾದಕ್ಕೆ ಗೊತ್ತಾಗುತ್ತದೆ. ಕಂಟ್ರೋಲರಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳದೆ ಆಡಬೇಡಿ. ಅಂಬೆಗಾಲಿಡುವ ಮಗು, ಸಾಕುನಾಯಿ ಇದ್ದರೆ ಬಾಗಿಲು ಹಾಕಿರಲಿ.

ತೆಗೆದಿಡುವಾಗ ಲೆನ್ಸು ಎಂದೂ ಕಿಟಕಿಯ ಕಡೆಗಿರಬಾರದು. ಅವು ಭೂತಗನ್ನಡಿಯೇ, ಬಿಸಿಲು ಒಳಹೊಕ್ಕರೆ ಪರದೆಯ ಮೇಲೆ ಸುಟ್ಟ ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ.

ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ತೊಡಬಾರದು. ಕ್ವೆಸ್ಟ್ ತಯಾರಿಸುವ ಮೆಟಾ ಹತ್ತು ವರ್ಷ ತುಂಬದ ಮಕ್ಕಳಿಗೆ ಇದು ಬೇಡವೆನ್ನುತ್ತದೆ. 10ರಿಂದ 12ರವರಿಗೆ ಹೆತ್ತವರ ಹಿಡಿತದ ಖಾತೆ ಬೇಕು. ಆಡಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಕೈಯ ಅಂದಾಜು, ಮೈಯ ಸಮತೋಲ ಎರಡೂ ತಪ್ಪಬಹುದು. ತಲೆ ಪೂರ್ತಿ ತಿಳಿಯಾಗುವವರೆಗೆ ಸ್ಕೂಟರ್ ಹತ್ತಬೇಡಿ.