ಸೇವಂತಿಗೆ ಹೊಲದ ಎಲ್ಇಡಿ ಕೈಕೊಟ್ಟರೆ: ತಪ್ಪು ಕರೆಂಟಿನದೋ, ಟೈಮರಿನದೋ?

ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬ್ ಉರಿಸೋದು ಗಿಡಕ್ಕೆ ರಾತ್ರಿ ಉದ್ದ ಅನ್ನಿಸಬಾರದು ಅಂತ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ರಾತ್ರಿ ಉದ್ದವಾದರೆ ಗಿಡ ಬೆಳೆಯೋದು ಬಿಟ್ಟು ಮೊಗ್ಗು ಕಟ್ಟುತ್ತದೆ. ನಡುರಾತ್ರಿ 10ರಿಂದ 2ರವರೆಗೆ ಬೆಳಕು ಕೊಟ್ಟರೆ ಗಿಡ ಎತ್ತರಕ್ಕೆ ಬೆಳೆದು, ಕವಲು ಒಡೆದು, ಆಮೇಲೆ ನಾವು ಬಲ್ಬ್ ನಿಲ್ಲಿಸಿದಾಗ ಹೂವಿಗೆ ಬರುತ್ತದೆ. ಇಷ್ಟು ನಿಮಗೆ ಗೊತ್ತು. ಆದರೆ ಬಲ್ಬ್ ವಾರಗಟ್ಟಲೆ ಸರಿಯಾಗಿ ಉರಿಯದೆ, ಅದು ನಿಮ್ಮ ಗಮನಕ್ಕೂ ಬರದಿದ್ದರೆ? ಗೇಣುದ್ದದ ಗಿಡದಲ್ಲೇ ಮೊಗ್ಗು. ಒಂದೆರಡು ರಾತ್ರಿ ತಪ್ಪಿದರೆ ಗಾಬರಿ ಬೇಡ, ಅವತ್ತೇ ಸರಿಮಾಡಿ ಮುಂದುವರಿಸಿ. ತೊಂದರೆ ಇರೋದು ತಿಳಿಯದೇ ಕಳೆದ ರಾತ್ರಿಗಳಲ್ಲಿ.

ಹಾಗಾಗಿ ಮೊದಲು ನೋಡಬೇಕಾದ್ದು ಟೈಮರ್. ಬಲ್ಬ್ ಉರಿಯುತ್ತಿಲ್ಲ ಅಂತ ಎಲ್ಲರೂ ವೈರ್ ಹುಡುಕ್ತಾರೆ, ಗಡಿಯಾರ ನೋಡಲ್ಲ. ಮುಳ್ಳಿನ ಟೈಮರ್‌ಗೆ ಒಳಗೆ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಷ್ಟು ಹೊತ್ತೂ ಅದು ನಿಂತೇ ಇರುತ್ತದೆ. ದಿನಕ್ಕೆ 2 ಗಂಟೆ ಕರೆಂಟ್ ಹೋಗುತ್ತದೆ ಅಂದುಕೊಳ್ಳಿ. ವಾರಕ್ಕೆ 14 ಗಂಟೆ ಹಿಂದೆ. ರಾತ್ರಿ 10ಕ್ಕೆ ಹತ್ತಬೇಕಾದ ಬಲ್ಬ್ ಮರುದಿನ ಮಧ್ಯಾಹ್ನ 12ಕ್ಕೆ ಹತ್ತುತ್ತದೆ! ಬಿಸಿಲಲ್ಲಿ ಬಲ್ಬ್ ಉರೀತಿರೋದು ಯಾರ ಕಣ್ಣಿಗೂ ಬೀಳಲ್ಲ. ಡಿಜಿಟಲ್ ಟೈಮರ್‌ನಲ್ಲಿ ಒಳಗಿನ ಬ್ಯಾಟರಿ ಹಳೆಯದಾದರೆ ಇನ್ನೊಂದು ಕಥೆ: ಪ್ರತಿ ಸಲ ಕರೆಂಟ್ ಬಂದಾಗ ಸಮಯ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸಂಜೆ ಹೊತ್ತು ಶೆಡ್ಡಿಗೆ ಹೋದಾಗ ಟೈಮರ್ ಸಮಯವನ್ನು ಮೊಬೈಲ್ ಸಮಯದ ಜೊತೆ ಹೋಲಿಸಿ, ಒಂದು ಫೋಟೋ ತೆಗೆದಿಡಿ. ನಾಲ್ಕು ದಿನದ ಫೋಟೋ ಸಾಲಾಗಿಟ್ಟರೆ ಟೈಮರ್ ಹಿಂದೆ ಬೀಳ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಸೆಟ್ಟಿಂಗ್ ತಪ್ಪುಗಳೂ ಕಡಿಮೆ ಇಲ್ಲ. ಒಂದೇ ವಾರದ ದಿನ ಆರಿಸಿ 10ಕ್ಕೆ ಆನ್, 2ಕ್ಕೆ ಆಫ್ ಅಂತ ಕೊಟ್ಟರೆ, 2 ಗಂಟೆ ಅನ್ನೋದು ಮರುದಿನಕ್ಕೆ ಸೇರಿದ್ದು. ಆಫ್ ಸರಿಯಾದ ಹೊತ್ತಿಗೆ ಆಗಲ್ಲ. ಎಲ್ಲ ಏಳು ದಿನಗಳನ್ನೂ ಆರಿಸಿ. ಎಎಂ–ಪಿಎಂ ನೋಡಿ, ಸಾಧ್ಯವಾದರೆ 24 ಗಂಟೆಯ ಲೆಕ್ಕಕ್ಕೆ ಬದಲಿಸಿ. ಕೊನೆಗೆ ಟೈಮರ್ ಆಟೋದಲ್ಲಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಬಲ್ಬ್ ಪರೀಕ್ಷೆ ಮಾಡಲು ಮ್ಯಾನುಯಲ್ ಒತ್ತಿ ಹಾಗೇ ಬಿಟ್ಟುಬಂದವರು ಬೇಕಾದಷ್ಟು ಜನ.

ಟೈಮರ್ ಸರಿ ಇದೆ, ಟಿಕ್ ಅನ್ನುತ್ತದೆ, ಆದರೂ ಹೊಲ ಕತ್ತಲು? ಆಗ ಫೇಸ್ ನೋಡಿ. ಮೋಟಾರಿನ ಮೂರು ಫೇಸ್ ಕರೆಂಟ್ ಹೋಗಿ ಸಿಂಗಲ್ ಫೇಸ್ ಇರುವ ಹೊತ್ತಿನಲ್ಲಿ ನಿಮ್ಮ ಲೈಟಿನ ಲೈನ್ ಯಾವ ಫೇಸಿಗೆ ಸೇರಿದೆ ಅನ್ನೋದೇ ಎಲ್ಲ. ಟಿಸಿ ರಿಪೇರಿ ಆದ ಮೇಲೆ ಫೇಸ್ ಅದಲುಬದಲಾಗಿರಬಹುದು. ಹಗಲು ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಆದ್ದರಿಂದ ರಾತ್ರಿಯೇ ಮೀಟರ್ ಹಿಡಿಯಬೇಕು. ಟೆಸ್ಟರ್ ನಂಬಬೇಡಿ. ಅದು ಸಣ್ಣ ಕರೆಂಟಿಗೂ ಮಿನುಗುತ್ತದೆ, ವೋಲ್ಟೇಜ್ ಎಷ್ಟು ಅಂತ ಹೇಳಲ್ಲ. ಒಂದು ಸಾದಾ ಮಲ್ಟಿಮೀಟರ್ ಇಟ್ಟುಕೊಳ್ಳಿ.

ಟೈಮರಿನ ಮೇಲೆ 16 ಆಂಪಿಯರ್ ಅಂತ ಬರೆದಿದ್ದರೂ 200 ಬಲ್ಬನ್ನು ನೇರವಾಗಿ ಅದಕ್ಕೇ ಕೊಡಬೇಡಿ. ಎಲ್ಇಡಿ ಬಲ್ಬುಗಳು ಹತ್ತುವ ಕ್ಷಣದಲ್ಲಿ ಕೆಲಸದ ಕರೆಂಟಿನ ಹಲವು ಪಟ್ಟು ಎಳೆಯುತ್ತವೆ. ಒಳಗಿನ ಪಾಯಿಂಟ್ ಸುಟ್ಟು ಅಂಟಿಕೊಂಡರೆ ಬಲ್ಬ್ ಆರೋದೇ ಇಲ್ಲ, ಕರಕಲಾದರೆ ಹತ್ತೋದೇ ಇಲ್ಲ. ಟೈಮರ್ ಕಾಂಟ್ಯಾಕ್ಟರ್‌ನ ಕಾಯಿಲ್ ಮಾತ್ರ ಎಳೆಯಲಿ, ಲೋಡ್ ಕಾಂಟ್ಯಾಕ್ಟರ್ ಹೊರಲಿ. ಹತ್ತುವಾಗಲೇ ಎಂಸಿಬಿ ಬೀಳ್ತಿದ್ದರೂ ಹಲವು ಸಲ ಇದೇ ಕಾರಣ. ಸಾಲುಗಳನ್ನು ಎರಡು ಮೂರು ಭಾಗ ಮಾಡಿ ಹಂಚಿ. ಕಾಂಟ್ಯಾಕ್ಟರ್ ಟಕಟಕ ಬಡಿದುಕೊಂಡರೆ ವೋಲ್ಟೇಜ್ ಕಡಿಮೆ ಅಥವಾ ಜಾಯಿಂಟ್ ಸಡಿಲ.

ಹೊಲದ ಕೊನೆ ಸಾಲಿನಲ್ಲಿ ಮಾತ್ರ ಬೇಗ ಮೊಗ್ಗು ಬಂದಿದೆಯಾ? ಗಿಡವೇ ಮೀಟರ್ ಆಗಿ ಹೇಳ್ತಿದೆ, ಅಲ್ಲಿಗೆ ವೋಲ್ಟೇಜ್ ಮುಟ್ಟುತ್ತಿಲ್ಲ. ಲೆಕ್ಕ ಹಾಕಿ: 9 ವ್ಯಾಟಿನ 200 ಬಲ್ಬ್ ಅಂದರೆ 1800 ವ್ಯಾಟ್, ಸುಮಾರು 8 ಆಂಪಿಯರ್. ಶೆಡ್ಡಿನಿಂದ ಹೊಲಕ್ಕೆ 100 ಮೀಟರ್ ದೂರ ಇದ್ದು 1 ಚದರ ಮಿಮೀ ತಾಮ್ರದ ವೈರ್ ಎಳೆದಿದ್ದರೆ ದಾರಿಯಲ್ಲೇ ಸುಮಾರು 29 ವೋಲ್ಟ್ ಹೋಗುತ್ತದೆ. 2.5 ಚದರ ಮಿಮೀ ಆದರೆ 12 ವೋಲ್ಟ್. ಶೆಡ್ಡಿನಲ್ಲೇ 200 ವೋಲ್ಟ್ ಇದ್ದರೆ ಮೊದಲ ವೈರಿನಲ್ಲಿ ಹೊಲಕ್ಕೆ ಸಿಗೋದು 171. ಒಳ್ಳೆಯ ಡ್ರೈವರ್ ಇರುವ ಬಲ್ಬ್ ಇದನ್ನು ತಡೆದುಕೊಳ್ಳುತ್ತದೆ, ಅಗ್ಗದ ಬಲ್ಬ್ ಮಂಕಾಗುತ್ತದೆ ಇಲ್ಲವೇ ಮಿಣಮಿಣ ಅನ್ನುತ್ತದೆ. ಬಲ್ಬಿನ ಮೇಲೆ 100–300 ವೋಲ್ಟ್ ಅಂತ ಇರುವುದನ್ನು ನೋಡಿ ತನ್ನಿ. ಬಲ್ಬಿನಲ್ಲಿ ಉಳಿಸಿದ ಹತ್ತು ರೂಪಾಯಿ ಯಾರಿಗೂ ದಕ್ಕಿದ್ದು ನಾನು ಕಂಡಿಲ್ಲ.

ಒಂದೇ ರಾತ್ರಿ ಹತ್ತಾರು ಬಲ್ಬ್ ಒಟ್ಟಿಗೆ ಸುಟ್ಟರೆ ಬಲ್ಬ್ ಅಂಗಡಿಯವನನ್ನು ಬೈಯಬೇಡಿ, ನ್ಯೂಟ್ರಲ್ ಕಟ್ ಆಗಿರಬಹುದು. ಸಾಲುಗಳನ್ನು ಬೇರೆ ಬೇರೆ ಫೇಸಿಗೆ ಹಂಚಿದ್ದಾಗ ನ್ಯೂಟ್ರಲ್ ತಪ್ಪಿದರೆ ಒಂದು ಕಡೆ ಬಲ್ಬ್ ಮಂಕು, ಇನ್ನೊಂದು ಕಡೆಗೆ 400ರ ಹತ್ತಿರದ ವೋಲ್ಟೇಜ್. ಹೊಸ ಬಲ್ಬ್ ಹಾಕುವ ಮೊದಲು ಅದನ್ನು ಸರಿಮಾಡಿಸಿ. ಕಂಬದಲ್ಲೋ ಟಿಸಿಯಲ್ಲೋ ಇದ್ದರೆ 1912ಕ್ಕೆ ಕರೆ ಮಾಡಿ. ನೀವಂತೂ ಕಂಬ ಹತ್ತಬೇಡಿ.

ಮಂಜು ಬಿದ್ದ ರಾತ್ರಿ, ಇಲ್ಲವೇ ನೀರು ಬಿಟ್ಟ ಮೇಲೆ ಆರ್‌ಸಿಸಿಬಿ ಬೀಳ್ತಿದೆ ಅಂದರೆ ಹೋಲ್ಡರಿಗೋ ಜಾಯಿಂಟಿಗೋ ತೇವ ಹೊಕ್ಕಿದೆ. ಅದು ಬೀಳ್ತದೆ ಅಂತ ಬೈಪಾಸ್ ಮಾಡೋ ಬುದ್ಧಿ ಮಾತ್ರ ಬೇಡ. ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಹೂ ಬಿಡಿಸೋರು ನಮ್ಮ ಮನೆಯವರೇ. ಮೇನ್ ಆಫ್ ಮಾಡಿ, ಎಲ್ಲ ಸಾಲುಗಳ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿ. ಆಮೇಲೆ ಒಂದೊಂದೇ ಸಾಲು ಸೇರಿಸಿ ಆನ್ ಮಾಡುತ್ತಾ ಹೋಗಿ, ಪ್ರತಿ ಸಲ ವೈರ್ ಮುಟ್ಟುವ ಮೊದಲು ಮೇನ್ ಆಫ್. ಯಾವ ಸಾಲು ಸೇರಿದಾಗ ಬೀಳುತ್ತದೋ ಅಲ್ಲೇ ಸೋರಿಕೆ. ಆ ಸಾಲಿನ ಜಾಯಿಂಟ್‌ಗಳನ್ನೆಲ್ಲ ಬಿಚ್ಚಿ ಒರೆಸಿ ಹೊಸದಾಗಿ ಟೇಪ್ ಸುತ್ತಿ, ಹಸಿರು ಹಿಡಿದ ಹೋಲ್ಡರ್ ಕಿತ್ತು ಬಿಸಾಡಿ. ಅಲ್ಲಿಯವರೆಗೆ ಉಳಿದ ಸಾಲುಗಳು ರಾತ್ರಿ ಉರಿಯುತ್ತಿರಲಿ.