ಅಪ್‌ಡೇಟ್: ಮೊದಲು ಒಂದರಲ್ಲಿ, ಆಮೇಲೆ ಎಲ್ಲದರಲ್ಲಿ

ಪೂರ್ತಿ ಪರೀಕ್ಷಿಸದ ಅಪ್‌ಡೇಟ್ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಸಲ ಹೋದರೆ ಏನಾಗುತ್ತದೆ ಎಂಬುದಕ್ಕೆ 2024ರ ಜುಲೈ 19 ಸಾಕ್ಷಿ. ಅಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕೆಲವು ವಿಮಾನ ಸಂಸ್ಥೆಗಳು ಚೆಕ್-ಇನ್ ಕೆಲಸವನ್ನು ಕೈಯಾರೆ ಮಾಡಬೇಕಾಯಿತು. ಕಡತವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಕೆಟ್ಟು ನಿಂತ ಯಂತ್ರಗಳನ್ನು ಬಹುಪಾಲು ಒಂದೊಂದಾಗಿ ಸರಿಪಡಿಸಬೇಕಾಯಿತು.

ಇಂಥ ಅನಾಹುತ ತಪ್ಪಿಸುವ ದಾರಿ ಹಂತಹಂತದ ಪರೀಕ್ಷೆ. ವಿಂಡೋಸ್‌ನ ಹೊಸ ಆವೃತ್ತಿಗಳು ಮೊದಲು ‘ಇನ್‌ಸೈಡರ್’ ಎಂಬ ಪರೀಕ್ಷಾ ಕಾರ್ಯಕ್ರಮದ ಸ್ವಯಂಸೇವಕರ ಕೈ ಸೇರುತ್ತವೆ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಸ್ಥಿರ ಆವೃತ್ತಿಯ ತಿದ್ದುಪಡಿಗಳು ‘ಪ್ರೊಪೋಸ್ಡ್’ ಎಂಬ ಭಂಡಾರದಲ್ಲಿ ಸಾಮಾನ್ಯವಾಗಿ 7 ದಿನವಾದರೂ ಇದ್ದು, ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ತಲುಪುತ್ತವೆ.

ಸಣ್ಣ ಡಿಟಿಪಿ ಕೇಂದ್ರಕ್ಕೂ ಕಚೇರಿಗೂ ಇದೇ ಕ್ರಮ ಒಗ್ಗುತ್ತದೆ. ಮೊದಲು ಕಡತಗಳ ಬ್ಯಾಕಪ್. ನಂತರ ಒಂದೇ ಕಂಪ್ಯೂಟರಿನಲ್ಲಿ ಅಪ್‌ಡೇಟ್. ಅದರಲ್ಲಿ ಕನ್ನಡ ಕೀಲಿಮಣೆ, ಒತ್ತಕ್ಷರ, ‘ನುಡಿ’ ತಂತ್ರಾಂಶದ ಹಳೆಯ ಕಡತಗಳು, ಪ್ರಿಂಟರ್, ಇಂಟರ್ನೆಟ್ ಎಲ್ಲವನ್ನೂ ನೋಡಬೇಕು. ಕೆಲವು ದಿನ ತೊಂದರೆ ಕಾಣದಿದ್ದರೆ ಉಳಿದವುಗಳಿಗೂ ಹಾಕಬಹುದು. ಕಂಡರೆ ಆ ಅಪ್‌ಡೇಟನ್ನು ಅನ್‌ಇನ್‌ಸ್ಟಾಲ್ ಮಾಡಬೇಕು.

ಆದರೆ ಭದ್ರತಾ ಅಪ್‌ಡೇಟುಗಳನ್ನು ತಿಂಗಳುಗಟ್ಟಲೆ ಮುಂದೂಡಬಾರದು. ಪರೀಕ್ಷೆ ಬೇಕು, ಅದು ಬೇಗ ಮುಗಿಯಲೂ ಬೇಕು.