12ರಲ್ಲಿ 3 ಗೆಲುವಿನಿಂದ 16ಕ್ಕೆ 16: ಇಂಡಿಯಾನಾ ಚಾಂಪಿಯನ್ ಆದದ್ದು ಹೇಗೆ? ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ‘ಟ್ರಾನ್ಸ್‌ಫರ್’ ಆಟಗಾರರ ಪಾತ್ರವೇನು?

ಅಮೆರಿಕದ ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲಿ ಅತಿ ಹೆಚ್ಚು ಸೋಲು ಕಂಡ ದೊಡ್ಡ ತಂಡ ಯಾವುದು ಎಂದು ಕೆಲವೇ ವರ್ಷಗಳ ಹಿಂದೆ ಕೇಳಿದ್ದರೆ ಸಿಗುತ್ತಿದ್ದ ಉತ್ತರ ಇಂಡಿಯಾನಾ ವಿಶ್ವವಿದ್ಯಾಲಯ. ಅದರ ಖಾತೆಯಲ್ಲಿದ್ದದ್ದು 700ಕ್ಕೂ ಹೆಚ್ಚು ಸೋಲು. 2023ರಲ್ಲಿ ಆಡಿದ 12 ಪಂದ್ಯಗಳಲ್ಲಿ ಗೆದ್ದದ್ದು ಮೂರು ಮಾತ್ರ. ಅದೇ ತಂಡ 2026ರ ಜನವರಿ 19ರಂದು ಫ್ಲೋರಿಡಾದ ಹಾರ್ಡ್ ರಾಕ್ ಕ್ರೀಡಾಂಗಣದಲ್ಲಿ ಮಯಾಮಿ ವಿಶ್ವವಿದ್ಯಾಲಯವನ್ನು 27-21ರಿಂದ ಸೋಲಿಸಿ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಋತುವಿನಲ್ಲಿ ಆಡಿದ 16 ಪಂದ್ಯಗಳನ್ನೂ ಗೆದ್ದಿತು.

ಎರಡೇ ವರ್ಷದಲ್ಲಿ ಇಂಥ ಬದಲಾವಣೆ ಹಿಂದೆ ಸಾಧ್ಯವಿರಲಿಲ್ಲ. ಹೈಸ್ಕೂಲ್ ಮುಗಿಸಿದ ಹುಡುಗರನ್ನು ಆರಿಸಿ, ಮೂರ್ನಾಲ್ಕು ವರ್ಷ ಪಳಗಿಸಿ ತಂಡ ಕಟ್ಟುವುದೇ ಅಲ್ಲಿನ ಪದ್ಧತಿಯಾಗಿತ್ತು. ಈಗ ಬೇರೆ ಕಾಲೇಜಿನಲ್ಲಿ ಆಡಿ ಪಳಗಿದವರನ್ನೇ ನೇರವಾಗಿ ಕರೆತರಬಹುದು. ಇವರೇ ಟ್ರಾನ್ಸ್‌ಫರ್ ಆಟಗಾರರು. ಈ ವ್ಯವಸ್ಥೆ ಏನು, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಇಲ್ಲಿದೆ ವಿವರ.

ಕಾಲೇಜು ಆಟಕ್ಕೆ ಇಷ್ಟೊಂದು ಮಹತ್ವ ಏಕೆ?

ಇಲ್ಲಿ ಫುಟ್‌ಬಾಲ್ ಎಂದರೆ ಮೆಸ್ಸಿ, ರೊನಾಲ್ಡೊ ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್. ಒಮ್ಮೆಗೆ ಮೈದಾನದಲ್ಲಿ 11 ಮಂದಿ ಇರುತ್ತಾರೆ. ಆದರೆ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ. ಚೆಂಡು ಒದೆಯುವವರು ಬೇರೆ. ಹೀಗಾಗಿ ಒಂದು ಕಾಲೇಜಿಗೆ ನೂರರಷ್ಟು ಆಟಗಾರರು ಬೇಕು.

ಈ ಕಾಲೇಜು ಪಂದ್ಯಗಳಿಗೆ 80 ಸಾವಿರ, ಒಂದು ಲಕ್ಷ ಪ್ರೇಕ್ಷಕರು ಸೇರುವುದು ಸಾಮಾನ್ಯ. ಟಿವಿ ಹಕ್ಕುಗಳಿಂದ ಕಾಲೇಜುಗಳಿಗೆ ಬರುವ ಹಣವೂ ದೊಡ್ಡದು. ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರುವ ಬಹುತೇಕ ಎಲ್ಲ ಆಟಗಾರರೂ ಇದೇ ದಾರಿಯಲ್ಲಿ ಬರುತ್ತಾರೆ. ಒಬ್ಬ ವಿದ್ಯಾರ್ಥಿಗೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತು ಆಡಲು ಅವಕಾಶ ಎಂಬುದು ಮೂಲ ನಿಯಮ. ಬೆಂಚ್ ಮೇಲೆ ಕುಳಿತು ಒಂದು ವರ್ಷ ಕಳೆದರೂ ಅದು ಭವಿಷ್ಯದ ಮೇಲೆ ಪರಿಣಾಮ ಬೀರುತ್ತದೆ.

ಏನಿದು ಟ್ರಾನ್ಸ್‌ಫರ್ ಪೋರ್ಟಲ್?

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ. ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರಿರುವ ಡೇಟಾಬೇಸ್ ಅನ್ನು ಅದು 2018ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಇದೇ ಟ್ರಾನ್ಸ್‌ಫರ್ ಪೋರ್ಟಲ್. ಆಟಗಾರ ತನ್ನ ಕಾಲೇಜಿಗೆ ಲಿಖಿತವಾಗಿ ತಿಳಿಸಿದರೆ ಸಾಕು, ಎರಡು ಕೆಲಸದ ದಿನಗಳೊಳಗೆ ಕಾಲೇಜು ಆತನ ಹೆಸರನ್ನು ಪೋರ್ಟಲ್‌ಗೆ ಸೇರಿಸಬೇಕು. ಆಮೇಲೆ ಬೇರೆ ಕಾಲೇಜುಗಳ ಕೋಚ್‌ಗಳು ಆತನನ್ನು ಸಂಪರ್ಕಿಸಬಹುದು.

ಅದಕ್ಕೂ ಮೊದಲು ಪರಿಸ್ಥಿತಿ ಬೇರೆಯಿತ್ತು. ಇನ್ನೊಂದು ಕಾಲೇಜಿನ ಜತೆ ಮಾತನಾಡಲು ಹಳೆಯ ಕೋಚ್‌ನ ಅನುಮತಿ ಬೇಕಿತ್ತು. ಪದವಿ ಮುಗಿಸದೆ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್ ಮಾತ್ರ ಹೆಚ್ಚಿನ ಸಂಬಳ ಸಿಕ್ಕರೆ ಮರುದಿನವೇ ಬೇರೆ ಕಾಲೇಜಿಗೆ ಹೋಗಬಹುದಿತ್ತು. ಈ ತಾರತಮ್ಯವೇ ನಿಯಮ ಬದಲಾವಣೆಗೆ ಕಾರಣವಾದ ಮುಖ್ಯ ವಾದ.

ನಿಯಮಗಳು ಸಡಿಲಗೊಂಡ ಕ್ರಮ ಹೀಗಿದೆ:

- 2018 ಅಕ್ಟೋಬರ್: ಪೋರ್ಟಲ್ ಆರಂಭ. ಹಳೆಯ ಕಾಲೇಜಿನ ಅನುಮತಿ ಬೇಕಿಲ್ಲ.
- 2021 ಏಪ್ರಿಲ್: ಒಂದು ಬಾರಿ ಕಾಲೇಜು ಬದಲಿಸಿದರೆ ವರ್ಷ ಕಾಯದೆ ತಕ್ಷಣ ಆಡಬಹುದು.
- 2021 ಜುಲೈ 1: ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತು ಮತ್ತಿತರ ಮೂಲಗಳಿಂದ ಹಣ ಗಳಿಸಲು ಅವಕಾಶ.
- 2024 ಏಪ್ರಿಲ್: ಹಲವು ರಾಜ್ಯಗಳು ಹೂಡಿದ ಮೊಕದ್ದಮೆಯಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ನೀಡಿದ ಬಳಿಕ ನಿಯಮ ಬದಲು. ಓದಿನಲ್ಲಿ ನಿಗದಿತ ಮಟ್ಟ ಕಾಯ್ದುಕೊಂಡರೆ ಎಷ್ಟು ಬಾರಿ ಬೇಕಾದರೂ ಕಾಲೇಜು ಬದಲಿಸಬಹುದು.
- 2025 ಜುಲೈ: ‘ಹೌಸ್’ ಪ್ರಕರಣದ ರಾಜಿ ಒಪ್ಪಂದದಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ನೀಡಲು ಆರಂಭ.

ರಣಜಿಯಲ್ಲೂ ಇದೆ ಇಂಥ ದಾರಿ

ಕನ್ನಡಿಗರಿಗೆ ಇದು ತೀರಾ ಅಪರಿಚಿತ ವಿಷಯವಲ್ಲ. ಕರ್ನಾಟಕ ತಂಡದಲ್ಲಿ ಸ್ಥಾನ ಕಳೆದುಕೊಂಡ ಕರುಣ್ ನಾಯರ್ 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ರಣಜಿ ಫೈನಲ್‌ನಲ್ಲಿ ಕೇರಳ ವಿರುದ್ಧ ಶತಕ ಬಾರಿಸಿ ವಿದರ್ಭದ ಕೈಗೆ ಟ್ರೋಫಿ ಕೊಡಿಸಿದರು. ಭಾರತ ಟೆಸ್ಟ್ ತಂಡಕ್ಕೂ ಮರಳಿದರು. ಬಳಿಕ ಕರ್ನಾಟಕಕ್ಕೇ ವಾಪಸಾದರು. ಆಟಗಾರನಿಗೆ ಎರಡನೇ ಅವಕಾಶ, ತಂಡಕ್ಕೆ ಸಿದ್ಧ ಅನುಭವ ಎರಡೂ ಸಿಕ್ಕವು.

ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ರಣಜಿಯಲ್ಲಿ ರಾಜ್ಯ ಬದಲಿಸಲು ಹಳೆಯ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಹೊರಗಿನ ಆಟಗಾರರ ಸಂಖ್ಯೆಗೂ ಮಿತಿಯಿದೆ. ಅಮೆರಿಕದ ಕಾಲೇಜುಗಳಲ್ಲಿ ಈಗ ಈ ಎರಡೂ ಇಲ್ಲ. ಒಂದೇ ವರ್ಷದಲ್ಲಿ ಅರ್ಧ ತಂಡವನ್ನೇ ಬದಲಿಸಬಹುದು.

ಇಂಡಿಯಾನಾ ಮಾಡಿದ್ದೇನು?

2023ರ ನವೆಂಬರ್ ಕೊನೆಯಲ್ಲಿ ಇಂಡಿಯಾನಾ ಕೋಚ್ ಆಗಿ ಕರ್ಟ್ ಸಿಗ್ನೆಟ್ಟಿ ನೇಮಕವಾದರು. ಅದಕ್ಕೂ ಮುನ್ನ ಅವರಿದ್ದದ್ದು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ. ಸೋತು ಸುಣ್ಣವಾದ ತಂಡಕ್ಕೆ ಆಟಗಾರರನ್ನು ಹೇಗೆ ಒಪ್ಪಿಸುತ್ತೀರಿ ಎಂಬ ಪ್ರಶ್ನೆಗೆ, ‘ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ’ ಎಂದು ಅವರು ಕೊಟ್ಟ ಉತ್ತರ ಆಗ ಸುದ್ದಿಯಾಗಿತ್ತು.

ಅವರ ಜತೆಗೆ ಜೇಮ್ಸ್ ಮ್ಯಾಡಿಸನ್‌ನ 13 ಆಟಗಾರರೂ ಬಂದರು. ರಕ್ಷಣಾ ವಿಭಾಗದ ಏಡನ್ ಫಿಶರ್, ಮಿಖೈಲ್ ಕಮಾರಾ, ಡಿ’ಆಂಜೆಲೊ ಪಾಂಡ್ಸ್ ಮತ್ತು ಚೆಂಡು ಹಿಡಿಯುವ ಎಲೈಜಾ ಸರಾಟ್ ಇವರಲ್ಲಿ ಮುಖ್ಯರು. ಹೈಸ್ಕೂಲ್‌ನಲ್ಲಿ ಇವರನ್ನು ದೊಡ್ಡ ಕಾಲೇಜುಗಳು ಅಷ್ಟಾಗಿ ಗಮನಿಸಿರಲಿಲ್ಲ. ಆದರೆ ಕೋಚ್‌ನ ತಂತ್ರ, ಅಭ್ಯಾಸದ ಶಿಸ್ತು, ಸಂಜ್ಞೆಗಳು ಇವರಿಗೆ ಮೊದಲೇ ಗೊತ್ತಿದ್ದವು. ಹೊಸ ತಂಡದಲ್ಲಿ ಇತರರಿಗೆ ಪಾಠ ಹೇಳಿಕೊಡುವ ಹಿರಿಯರಂತೆ ಇವರು ಕೆಲಸ ಮಾಡಿದರು.

ಸಿಗ್ನೆಟ್ಟಿ ಅವರ ಆಯ್ಕೆಯ ಸೂತ್ರ ಸರಳ: ಮುಂದೆ ಏನಾಗಬಹುದು ಎನ್ನುವುದಕ್ಕಿಂತ ಈಗಾಗಲೇ ಏನು ಮಾಡಿ ತೋರಿಸಿದ್ದಾರೆ ಎನ್ನುವುದು ಮುಖ್ಯ. ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ 2024ರಲ್ಲಿ ಓಹಾಯೊ ವಿಶ್ವವಿದ್ಯಾಲಯದಿಂದ ಕರ್ಟಿಸ್ ರೌರ್ಕ್ ಬಂದರು. ಮೊದಲ ವರ್ಷವೇ ತಂಡ 11 ಪಂದ್ಯ ಗೆದ್ದು ರಾಷ್ಟ್ರೀಯ ಪ್ಲೇಆಫ್ ತಲುಪಿತು. ಮರುವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಫರ್ನಾಂಡೊ ಮೆಂಡೋಜಾ ಬಂದರು. ಅವರ ತಮ್ಮ ಆಲ್ಬರ್ಟೊ ಅದಾಗಲೇ ಇಂಡಿಯಾನಾ ತಂಡದಲ್ಲಿದ್ದರು.

ಮೆಂಡೋಜಾ 2025ರ ಹೈಸ್‌ಮನ್ ಟ್ರೋಫಿ ಗೆದ್ದರು. ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಈ ಪ್ರಶಸ್ತಿ ಇಂಡಿಯಾನಾ ಪಾಲಿಗೆ ಬಂದದ್ದು ಅದೇ ಮೊದಲು. ಪ್ಲೇಆಫ್‌ನಲ್ಲಿ ಅಲಬಾಮಾವನ್ನು 38-3ರಿಂದ, ಒರೆಗಾನ್ ಅನ್ನು 56-22ರಿಂದ ಮಣಿಸಿದ ತಂಡಕ್ಕೆ ಫೈನಲ್‌ನಲ್ಲಿ ಮಯಾಮಿ ಕಠಿಣ ಸವಾಲೊಡ್ಡಿತು. ಕಮಾರಾ ಎದುರಾಳಿಯ ಪಂಟ್ ಕಿಕ್ ತಡೆದದ್ದು ಒಂದು ಟಚ್‌ಡೌನ್ ತಂದಿತು. ಕೊನೆಯ ಕ್ವಾರ್ಟರ್‌ನಲ್ಲಿ ಮೆಂಡೋಜಾ ತಾವೇ ಚೆಂಡು ಹಿಡಿದು 12 ಗಜ ಓಡಿ ಮತ್ತೊಂದು ಟಚ್‌ಡೌನ್ ಗಳಿಸಿದರು.

ಆದರೆ ಪಂದ್ಯಕ್ಕೆ ಮುದ್ರೆ ಒತ್ತಿದ್ದು ಟ್ರಾನ್ಸ್‌ಫರ್ ಆಟಗಾರನಲ್ಲ. ಮಯಾಮಿಯ ಕೊನೆಯ ಎಸೆತವನ್ನು ಕಸಿದುಕೊಂಡ ಜಮಾರಿ ಶಾರ್ಪ್, ಹೈಸ್ಕೂಲ್‌ನಿಂದ ನೇರವಾಗಿ ಇಂಡಿಯಾನಾ ಸೇರಿದವರು. ಸೋಲಿನ ದಿನಗಳನ್ನು ಕಂಡೂ ತಂಡ ಬಿಡದೆ ಉಳಿದವರು. ಹೊರಗಿನಿಂದ ಬಂದವರು, ಮೊದಲಿನಿಂದ ಇದ್ದವರು ಎರಡೂ ಕೂಡಿದಾಗಲೇ ತಂಡ ಪೂರ್ಣವಾಯಿತು.

ಟ್ರಾನ್ಸ್‌ಫರ್ ಆಟಗಾರರಿಂದ ತಂಡಕ್ಕೆ ಏನು ಲಾಭ?

ಮೊದಲನೆಯದು ವಯಸ್ಸು ಮತ್ತು ದೇಹಬಲ. 18ರ ಹುಡುಗನಿಗೂ ನಾಲ್ಕು ವರ್ಷ ತೂಕ ಎತ್ತಿ ಪಳಗಿದ 22ರ ಯುವಕನಿಗೂ ಈ ಆಟದಲ್ಲಿ ಅಜಗಜಾಂತರ.

ಎರಡನೆಯದು ಖಚಿತತೆ. ಹೈಸ್ಕೂಲ್ ಆಟಗಾರ ಕಾಲೇಜು ಮಟ್ಟದಲ್ಲಿ ಹೇಗೆ ಆಡುತ್ತಾನೆ ಎನ್ನುವುದು ಊಹೆ. ಟ್ರಾನ್ಸ್‌ಫರ್ ಆಟಗಾರನ ಕಾಲೇಜು ಪಂದ್ಯಗಳ ವಿಡಿಯೊ ಕೋಚ್ ಮುಂದೆ ಇರುತ್ತದೆ.

ಮೂರನೆಯದು ಕೊರತೆ ತುಂಬುವುದು. ಯಾರೋ ಎನ್‌ಎಫ್‌ಎಲ್‌ಗೆ ಹೋದರೆ, ಇನ್ನೊಬ್ಬರು ಗಾಯಗೊಂಡರೆ ಆ ಜಾಗಕ್ಕೆ ತಕ್ಷಣ ತಕ್ಕವರನ್ನು ತರಬಹುದು. 2024ರ ಚಾಂಪಿಯನ್ ಓಹಾಯೊ ಸ್ಟೇಟ್ ಇದಕ್ಕೆ ಉದಾಹರಣೆ. ತಾನೇ ಬೆಳೆಸಿದ ಹಿರಿಯರ ಜತೆಗೆ ಕ್ಯಾನ್ಸಸ್ ಸ್ಟೇಟ್‌ನಿಂದ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್, ಅಲಬಾಮಾದಿಂದ ರಕ್ಷಣಾ ಆಟಗಾರ ಕೇಲೆಬ್ ಡೌನ್ಸ್, ಓಲ್ ಮಿಸ್‌ನಿಂದ ಕ್ವಿನ್‌ಶಾನ್ ಜಡ್‌ಕಿನ್ಸ್ ಅವರನ್ನು ಸೇರಿಸಿಕೊಂಡು ಅದು ಪ್ರಶಸ್ತಿ ಗೆದ್ದಿತು.

ಹೈಸ್‌ಮನ್ ಪಟ್ಟಿ ನೋಡಿದರೂ ಇದು ಸ್ಪಷ್ಟ. 2017ರಿಂದ 2025ರವರೆಗಿನ ಒಂಬತ್ತು ವಿಜೇತರಲ್ಲಿ ಏಳು ಮಂದಿ ಕಾಲೇಜು ಬದಲಿಸಿದವರು: ಬೇಕರ್ ಮೇಫೀಲ್ಡ್, ಕೈಲರ್ ಮರ್ರೆ, ಜೋ ಬರೋ, ಕೇಲೆಬ್ ವಿಲಿಯಮ್ಸ್, ಜೇಡನ್ ಡೇನಿಯಲ್ಸ್, ಟ್ರಾವಿಸ್ ಹಂಟರ್ ಮತ್ತು ಮೆಂಡೋಜಾ. 2025ರ ಋತುವಿನ ಸೆಮಿಫೈನಲ್ ಆಡಿದ ನಾಲ್ಕೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಬೇರೆ ಕಾಲೇಜಿನಿಂದ ಬಂದವರೇ. ಅವರಲ್ಲಿ ಓಲ್ ಮಿಸ್‌ನ ಟ್ರಿನಿಡಾಡ್ ಚಾಂಬ್ಲಿಸ್ ಹಿಂದಿನ ವರ್ಷ ಎರಡನೇ ದರ್ಜೆಯ ಫೆರಿಸ್ ಸ್ಟೇಟ್ ತಂಡದಲ್ಲಿದ್ದರು. ಪೋರ್ಟಲ್ ಇಲ್ಲದಿದ್ದರೆ ಅವರ ಹೆಸರು ದೇಶಕ್ಕೆ ಗೊತ್ತಾಗುವುದು ಕಷ್ಟವಿತ್ತು.

ಎಲ್ಲರಿಗೂ ಫಲಿಸಿತೇ?

ಇಲ್ಲ. ಕೊಲರಾಡೊ ಕಥೆ ನೋಡಿ. 2022ರಲ್ಲಿ 12ರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡಕ್ಕೆ ಕೋಚ್ ಆಗಿ ಬಂದ ಮಾಜಿ ತಾರೆ ಡಿಯಾನ್ ಸ್ಯಾಂಡರ್ಸ್, ಹಳೆಯ ಆಟಗಾರರಲ್ಲಿ ಬಹುತೇಕರನ್ನು ಹೊರಕಳಿಸಿ ಹೊಸಬರನ್ನು ತುಂಬಿದರು. 2023ರಲ್ಲಿ 4 ಗೆಲುವು, 2024ರಲ್ಲಿ 9 ಗೆಲುವು ಸಿಕ್ಕವು. ಟ್ರಾವಿಸ್ ಹಂಟರ್ ಹೈಸ್‌ಮನ್ ಗೆದ್ದರು. ಆದರೆ ಹಂಟರ್ ಮತ್ತು ಕ್ವಾರ್ಟರ್‌ಬ್ಯಾಕ್ ಶೆಡೂರ್ ಸ್ಯಾಂಡರ್ಸ್ ಎನ್‌ಎಫ್‌ಎಲ್‌ಗೆ ಹೋದ ಮೇಲೆ, 2025ರಲ್ಲಿ ಗೆಲುವು ಮತ್ತೆ ಮೂರಕ್ಕೆ ಇಳಿಯಿತು.

ಫ್ಲೋರಿಡಾ ಸ್ಟೇಟ್‌ನದ್ದು ಇನ್ನೂ ದೊಡ್ಡ ಕುಸಿತ. ಜೋರ್ಡನ್ ಟ್ರಾವಿಸ್, ಜಾರೆಡ್ ವರ್ಸ್, ಕೀಯಾನ್ ಕೋಲ್ಮನ್ ಮೊದಲಾದ ಟ್ರಾನ್ಸ್‌ಫರ್ ಆಟಗಾರರ ಬಲದಿಂದ 2023ರಲ್ಲಿ ಸತತ 13 ಪಂದ್ಯ ಗೆದ್ದಿತ್ತು. ಅವರೆಲ್ಲ ಹೋದ ಮರುವರ್ಷ ಮತ್ತೆ ಪೋರ್ಟಲ್ ನೆಚ್ಚಿಕೊಂಡರೂ ಗೆದ್ದದ್ದು 12ರಲ್ಲಿ ಎರಡು. ಟ್ರಾನ್ಸ್‌ಫರ್ ಆಟಗಾರರಲ್ಲಿ ಹೆಚ್ಚಿನವರಿಗೆ ಉಳಿದಿರುವುದು ಒಂದೋ ಎರಡೋ ವರ್ಷ. ಅವರ ಕೆಳಗೆ ಕಿರಿಯರು ಬೆಳೆಯದಿದ್ದರೆ ಪ್ರತಿ ವರ್ಷ ಸೊನ್ನೆಯಿಂದ ಆರಂಭಿಸಬೇಕು.

ಇದಕ್ಕೆ ವಿರುದ್ಧ ತುದಿಯಲ್ಲಿ ಕ್ಲೆಮ್ಸನ್ ಇದೆ. ಅಲ್ಲಿನ ಕೋಚ್ ಡಾಬೊ ಸ್ವಿನ್ನಿ ಪೋರ್ಟಲ್‌ನಿಂದ ಬಹುಕಾಲ ದೂರವೇ ಉಳಿದಿದ್ದರು. 2016 ಮತ್ತು 2018ರಲ್ಲಿ ಚಾಂಪಿಯನ್ ಆಗಿದ್ದ ಆ ತಂಡ ಈಗ ಹಿಂದಿನ ಎತ್ತರದಲ್ಲಿಲ್ಲ.

ಹಣದ ಪಾತ್ರ ಎಷ್ಟು?

2025-26ರಲ್ಲಿ ಒಂದು ಕಾಲೇಜು ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ನೇರವಾಗಿ ನೀಡಬಹುದಾದ ಗರಿಷ್ಠ ಮೊತ್ತ ಸುಮಾರು 2.05 ಕೋಟಿ ಡಾಲರ್, ಅಂದರೆ 175 ಕೋಟಿ ರೂಪಾಯಿಗೂ ಹೆಚ್ಚು. ಇದರಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಫುಟ್‌ಬಾಲ್‌ಗೆ. ಜಾಹೀರಾತು ಒಪ್ಪಂದಗಳ ಗಳಿಕೆ ಬೇರೆ. ಮಿತಿಯವರೆಗೂ ಖರ್ಚು ಮಾಡುವ ಶಕ್ತಿ ದೊಡ್ಡ ಕಾಲೇಜುಗಳಿಗೆ ಮಾತ್ರ ಇದೆ. ಹೀಗಾಗಿ ಸಣ್ಣ ಕಾಲೇಜುಗಳು ಹುಡುಕಿ ಬೆಳೆಸಿದ ಪ್ರತಿಭೆ ಎರಡು ವರ್ಷದಲ್ಲಿ ದೊಡ್ಡವರ ಪಾಲಾಗುತ್ತಿದೆ.

ಜೇಮ್ಸ್ ಮ್ಯಾಡಿಸನ್ ಈ ನೋವನ್ನು ಎರಡು ಬಾರಿ ಉಂಡಿದೆ. ಸಿಗ್ನೆಟ್ಟಿ ಮತ್ತು 13 ಆಟಗಾರರು ಹೋದ ಬಳಿಕ ಬಾಬ್ ಚೆಸ್ನಿ ತಂಡವನ್ನು ಮತ್ತೆ ಕಟ್ಟಿ 2025ರಲ್ಲಿ ಪ್ಲೇಆಫ್‌ವರೆಗೆ ಕೊಂಡೊಯ್ದರು. ಆ ಪಂದ್ಯ ಆಡುವ ಮೊದಲೇ ಚೆಸ್ನಿ ಅವರನ್ನು ಯುಸಿಎಲ್‌ಎ ತನ್ನ ಕೋಚ್ ಆಗಿ ನೇಮಿಸಿಕೊಂಡಿತ್ತು.

ನಷ್ಟ ಯಾರಿಗೆ?

ಪೋರ್ಟಲ್‌ಗೆ ಹೆಸರು ಕೊಟ್ಟ ಎಲ್ಲರಿಗೂ ಹೊಸ ಕಾಲೇಜು ಸಿಗುವುದಿಲ್ಲ. ಹೆಸರು ಸೇರಿದ ಮೇಲೆ ಹಳೆಯ ಕಾಲೇಜು ವಿದ್ಯಾರ್ಥಿವೇತನ ನಿಲ್ಲಿಸಬಹುದು, ವಾಪಸ್ ಕರೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗನಿಗೆ ಆಟ ಹೋದರೆ ಓದೂ ಹೋಗುವ ಅಪಾಯ ಇದೆ. ಕಾಲೇಜು ಬದಲಿಸಿದಾಗ ಹಳೆಯ ಕೋರ್ಸ್‌ಗಳ ಕ್ರೆಡಿಟ್ ಪೂರ್ತಿಯಾಗಿ ಲೆಕ್ಕಕ್ಕೆ ಬಾರದೆ ಪದವಿ ತಡವಾಗುವುದೂ ಉಂಟು.

ಹೈಸ್ಕೂಲ್ ಆಟಗಾರರಿಗೂ ಬಾಗಿಲು ಕಿರಿದಾಗಿದೆ. ಹೊಸ ಒಪ್ಪಂದದಂತೆ ತಂಡದ ಗಾತ್ರ 105ಕ್ಕೆ ಸೀಮಿತ. ಅನುಭವಿ ಟ್ರಾನ್ಸ್‌ಫರ್ ಆಟಗಾರ ಪಡೆಯುವ ಪ್ರತಿ ಸ್ಥಾನವೂ ಒಬ್ಬ ಹೊಸ ಹುಡುಗನ ಕೈತಪ್ಪಿದ ಸ್ಥಾನವಾಗಬಹುದು.

ಮುಂದೇನು?

ಗೊಂದಲ ತಗ್ಗಿಸಲು ಎನ್‌ಸಿಎಎ ಪೋರ್ಟಲ್ ಅವಧಿಯನ್ನು ಮೊಟಕುಗೊಳಿಸಿದೆ. ಮೊದಲು ಡಿಸೆಂಬರ್ ಮತ್ತು ಏಪ್ರಿಲ್‌ನಲ್ಲಿ ಎರಡು ಬಾರಿ ತೆರೆಯುತ್ತಿದ್ದ ಪೋರ್ಟಲ್, 2026ರಲ್ಲಿ ಜನವರಿ 2ರಿಂದ 16ರವರೆಗೆ ಒಂದೇ ಬಾರಿ ತೆರೆಯಿತು. ಕೋಚ್ ಬದಲಾದ ತಂಡಗಳ ಆಟಗಾರರಿಗೆ ಪ್ರತ್ಯೇಕ ಅವಕಾಶವಿದೆ. ಏಪ್ರಿಲ್ ಅವಧಿ ರದ್ದಾಗಿರುವುದರಿಂದ ವಸಂತದ ಅಭ್ಯಾಸದಲ್ಲಿ ಜತೆಗಿದ್ದವರು ಋತು ಶುರುವಾಗುವಾಗಲೂ ಇರುತ್ತಾರೆ ಎಂಬ ಭರವಸೆ ಕೋಚ್‌ಗಳಿಗೆ ಸಿಕ್ಕಿದೆ.

ಇಂಡಿಯಾನಾ ಕೂಡ ಸುಮ್ಮನೆ ಕೂತಿಲ್ಲ. ಮೆಂಡೋಜಾ ಎನ್‌ಎಫ್‌ಎಲ್ ಹಾದಿ ಹಿಡಿದಿದ್ದು, ಅವರ ಜಾಗಕ್ಕೆ ಟಿಸಿಯು ವಿಶ್ವವಿದ್ಯಾಲಯದ ಜೋಶ್ ಹೂವರ್ ಬಂದಿದ್ದಾರೆ. ಅವರೂ ಟ್ರಾನ್ಸ್‌ಫರ್ ಆಟಗಾರರೇ. ಜೇಮ್ಸ್ ಮ್ಯಾಡಿಸನ್‌ನಿಂದ ಬಂದವರಲ್ಲಿ ಫಿಶರ್, ಸರಾಟ್ ಅವರಂಥ ಹಿರಿಯರ ಕಾಲೇಜು ಆಟ ಮುಗಿದಿದೆ. ಕೊಲರಾಡೊ ಮತ್ತು ಫ್ಲೋರಿಡಾ ಸ್ಟೇಟ್ ಎಡವಿದ್ದು ಇದೇ ಘಟ್ಟದಲ್ಲಿ. ಚಾಂಪಿಯನ್ ತಂಡ ಈಗ ಎದುರಿಸಬೇಕಾದದ್ದೂ ಅದೇ ಪರೀಕ್ಷೆಯನ್ನು.